ಗಾಳದ ಲೇಖನ ಕಳುಹಿಸಿದವರಿಗೆ

ಮಾನ್ಯರೇ,

ಕೋಡಿಬಾಗದಲ್ಲಿ ಕಾಳಿ ನದಿಯ ದಂಡೆಗೆ ಗಾಳ ಹಿಡಿದು ಕೂರುವವರ ಮೆದುಳಿನೊಳಗೆ ಏನು ನಡೆಯುತ್ತದೆ ಎಂಬ ನಿಮ್ಮ ಲೇಖನವನ್ನು ಓದಿದೆ. ಭಾಷೆ ಶುದ್ಧವಾಗಿದೆ, ವಿಷಯವೂ ಹೊಸದು. ಆದರೆ ಮೂರನೆಯ ಪುಟದ ಎರಡು ವಾಕ್ಯಗಳು ನನ್ನನ್ನು ಕೆರಳಿಸಿದ್ದರಿಂದ ಅವುಗಳ ಕುರಿತೇ ಬರೆಯುತ್ತಿದ್ದೇನೆ.

‘ಮೀನು ಸಿಕ್ಕೊಡನೆ ಮೆದುಳಿನಲ್ಲಿ ಡೋಪಮೈನ್ ಎಂಬ ಆನಂದರಸ ಚಿಮ್ಮುತ್ತದೆ ಎಂದು ವಿಜ್ಞಾನಿಗಳು ಹೇಳುತ್ತಾರೆ.’ ಯಾವ ವಿಜ್ಞಾನಿಗಳು? ಮಿಶಿಗನ್ ವಿಶ್ವವಿದ್ಯಾಲಯದ ಕೆಂಟ್ ಬೆರಿಡ್ಜ್ ಮತ್ತು ಟೆರ್ರಿ ರಾಬಿನ್ಸನ್ ಇಲಿಗಳ ಮೆದುಳಿನ ಡೋಪಮೈನನ್ನು, ಅಂದರೆ ನರಕೋಶಗಳ ನಡುವೆ ಸಂದೇಶ ಒಯ್ಯುವ ಆ ರಾಸಾಯನಿಕವನ್ನು, ಬಹುಪಾಲು ನಾಶಮಾಡಿ ನೋಡಿದಾಗ, ಬಾಯಿಗೆ ಬಿಟ್ಟ ಸಿಹಿನೀರನ್ನು ಅವು ಮೊದಲಿನಂತೆಯೇ ತುಟಿ ನೆಕ್ಕಿ ಸವಿದವು. ಎದುರಿಗಿಟ್ಟ ಆಹಾರವನ್ನು ಮಾತ್ರ ತಾವಾಗಿ ತಿನ್ನಲು ಹೋಗಲಿಲ್ಲ. ಸವಿ ಉಳಿದಿತ್ತು, ಬೇಕೆಂಬ ತುಡಿತ ಹೋಗಿತ್ತು. ನಿಮ್ಮ ಆನಂದರಸ ಇಲ್ಲಿಗೇ ಬತ್ತಿತು.

ಮುಂದಿನ ವಾಕ್ಯ: ‘ಮೀನು ದೊಡ್ಡದಾದಷ್ಟೂ ಡೋಪಮೈನ್ ಹೆಚ್ಚು.’ ಗಾತ್ರವೊಂದೇ ಲೆಕ್ಕವಲ್ಲ, ನಿರೀಕ್ಷೆಯೂ ಲೆಕ್ಕಕ್ಕೆ ಬರುತ್ತದೆ. ನರವಿಜ್ಞಾನಿ ವೋಲ್ಫ್ರಾಮ್ ಶುಲ್ಟ್ಸ್ ಕೋತಿಗಳಲ್ಲಿ ಕಂಡದ್ದು ಇದನ್ನೇ. ಹಣ್ಣಿನ ರಸ ಅನಿರೀಕ್ಷಿತವಾಗಿ ಸಿಕ್ಕಾಗ ಡೋಪಮೈನ್ ಹೊರಸೂಸುವ ನರಕೋಶಗಳು ಚುರುಕಾದವು. ರಸಕ್ಕೆ ಮೊದಲು ದೀಪ ಹತ್ತುತ್ತದೆ ಎಂಬುದು ರೂಢಿಯಾದ ಮೇಲೆ ದೀಪಕ್ಕೇ ಚುರುಕಾಗಿ, ರಸ ಬಂದಾಗ ಸುಮ್ಮನಿದ್ದವು. ದೀಪ ಹತ್ತಿಯೂ ರಸ ಬಾರದಿದ್ದರೆ, ಅದು ಬರಬೇಕಿದ್ದ ಹೊತ್ತಿಗೆ ಸರಿಯಾಗಿ ಎಂದಿನ ಮಟ್ಟಕ್ಕಿಂತ ಕೆಳಗಿಳಿದವು. ಪೀಟರ್ ಡಯಾನ್, ರೀಡ್ ಮಾಂಟೆಗ್ಯೂ ಜೊತೆಗೂಡಿ 1997ರಲ್ಲಿ ಅವರು ಇದಕ್ಕೆ ಲೆಕ್ಕಾಚಾರದ ರೂಪವನ್ನೂ ಕೊಟ್ಟರು.

ಸಿಟ್ಟು ಬರಲು ಕಾರಣ ಬೇರೆಯೇ ಇದೆ. ಎರಡನೆಯ ಪುಟದಲ್ಲಿ ನೀವೇ ಬರೆದಿದ್ದೀರಿ: ಬೆಂಡು ತುಸು ಅಲುಗಿದೊಡನೆ ಮುದುಕರ ಬೆನ್ನು ನೆಟ್ಟಗಾಯಿತು, ಮೀನನ್ನು ಬುಟ್ಟಿಗೆ ಹಾಕುವಾಗ ಅವರು ಆಕಳಿಸುತ್ತಿದ್ದರು. ಇಷ್ಟು ಸರಿಯಾಗಿ ಕಂಡವರು, ಪುಟ ತಿರುಗಿಸಿದೊಡನೆ ಕಂಡದ್ದಕ್ಕೆ ವಿರುದ್ಧವಾದುದನ್ನು ಯಾರದೋ ಬಾಯಿಂದ ಹೇಳಿಸಿದ್ದೇಕೆ?

ನಾನು ಶಿರಸಿಯ ವಾರಪತ್ರಿಕೆಯೊಂದರಲ್ಲಿ ಕೆಲಸ ಕಲಿಯುತ್ತಿದ್ದಾಗ, ‘ಚಾಲಿ ಅಡಿಕೆಯ ಧಾರಣೆ ಕುಸಿದಿದೆ ಎನ್ನಲಾಗಿದೆ’ ಎಂದು ಯಾರೇ ಬರೆದುಕೊಟ್ಟರೂ ಹಿರಿಯ ಸಂಪಾದಕರು ಕೊನೆಯ ಪದಕ್ಕೆ ಕೆಂಪು ಸುತ್ತು ಹಾಕಿ, ಮಾತಾಡದೆ ಛತ್ರಿ ಕೈಗಿಡುತ್ತಿದ್ದರು. ಮಳೆಯಲ್ಲಿ ಮಾರುಕಟ್ಟೆಗೆ ಹೋಗಿ ಆ ದಿನದ ಟೆಂಡರಿನ ದರವನ್ನು ಬರೆದುಕೊಂಡು ಬಂದ ಮೇಲೆಯೇ ಸುದ್ದಿ ಅಚ್ಚಿಗೆ ಹೋಗುತ್ತಿತ್ತು. ಅವರ ಮೇಲೆ ಆಗ ನನಗಿದ್ದ ಕೋಪ ಈಗ ನಿಮಗೆ ನನ್ನ ಮೇಲೆ ಬಂದಿರಬಹುದು.

ಮೂರನೆಯ ಪುಟವನ್ನು ಆ ಆಕಳಿಕೆಯಿಂದ ಶುರುಮಾಡಿ ಮತ್ತೆ ಬರೆಯಿರಿ. ಕೋತಿಯಲ್ಲಿ ಕಂಡದ್ದನ್ನು ಮುದುಕರ ತಲೆಗೆ ನೇರವಾಗಿ ಅಂಟಿಸದೆ, ಹೋಲುತ್ತದೆ ಎಂದಷ್ಟೇ ಹೇಳಿ. ‘ಡೋಪಮೈನ್ ಹೆಚ್ಚಿಸುವ ಉಪಾಯಗಳು’ ಎಂಬ ಕೊನೆಯ ಪುಟವನ್ನು ನಾನು ಇಲ್ಲೇ ಇಟ್ಟುಕೊಂಡಿದ್ದೇನೆ. ಅದನ್ನು ಮರಳಿ ಕಳುಹಿಸುವುದಿಲ್ಲ.