ಅಂಡನಾಳದಲ್ಲಿ ‘ಸ್ಟಿಕ್’ ಕಂಡುಬಂದಿದೆ, ಮುಂದೇನು ಮಾಡಬೇಕು?

ನಿಮ್ಮ ತಾಯಿ ಅಂಡಾಶಯದ ಕ್ಯಾನ್ಸರ್‌ನಿಂದ ತೀರಿಕೊಂಡಿದ್ದಾರೆ. 41 ವರ್ಷದ ಅಕ್ಕನಿಗೆ ಬಿಆರ್‌ಸಿಎ1 ಜೀನ್‌ನ ದೋಷವಿದೆಯೆಂದು ತಿಳಿದ ಮೇಲೆ ಮುಂಜಾಗ್ರತೆಯಾಗಿ ಎರಡೂ ಕಡೆಯ ಅಂಡಾಶಯ ಮತ್ತು ಅಂಡನಾಳಗಳನ್ನು ತೆಗೆಸಿದ್ದಾರೆ. ಈಗ ಬಯಾಪ್ಸಿ ರಿಪೋರ್ಟ್‌ನಲ್ಲಿ ‘ಸ್ಟಿಕ್’ ಎಂದಿದೆ. ಇದು ಕ್ಯಾನ್ಸರೇ, ಕಿಮೊಥೆರಪಿ ಬೇಕೇ ಎಂಬುದು ನಿಮ್ಮ ಪ್ರಶ್ನೆ. ನಾನು ಪೆಥಾಲಜಿಸ್ಟ್, ಇಂಥ ಅಂಗಾಂಶಗಳನ್ನು ನೋಡಿ ವರದಿ ಬರೆಯುವುದೇ ನನ್ನ ಕೆಲಸ. ಚಿಕಿತ್ಸೆಯ ಮಾತಿಗೆ ಮೊದಲು ವರದಿಯ ವಿಷಯವನ್ನೇ ಹೇಳುತ್ತೇನೆ, ಏಕೆಂದರೆ ಮುಂದಿನ ತೀರ್ಮಾನಗಳೆಲ್ಲ ಅದನ್ನೇ ಆಧರಿಸಿರುತ್ತವೆ.

ಅಂಡನಾಳದ ಒಳಮೈಯನ್ನು ಹೊದ್ದಿರುವ ಜೀವಕೋಶಗಳು ರೂಪದಲ್ಲಿ ಕ್ಯಾನ್ಸರ್ ಕೋಶಗಳಂತೆಯೇ ಆಗಿದ್ದು, ತಮ್ಮ ಕೆಳಗಿನ ಪದರವನ್ನು ಇನ್ನೂ ಭೇದಿಸಿ ಒಳನುಗ್ಗದ ಸ್ಥಿತಿಯನ್ನು ಸ್ಟಿಕ್ (STIC, ‘ಸೀರಸ್ ಟ್ಯೂಬಲ್ ಇಂಟ್ರಾಎಪಿಥೀಲಿಯಲ್ ಕಾರ್ಸಿನೋಮಾ’ದ ಹ್ರಸ್ವರೂಪ) ಎನ್ನುತ್ತಾರೆ. ಅಂಡಾಶಯದ್ದೆಂದು ಬಹುಕಾಲ ನಂಬಿದ್ದ ತೀವ್ರ ಸ್ವರೂಪದ, ‘ಸೀರಸ್’ ಎಂಬ ಬಗೆಯ ಕ್ಯಾನ್ಸರ್‌ಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಹೊರಡುತ್ತವೆ ಎಂಬುದು ಈಗ ಬಹುಮಟ್ಟಿಗೆ ಒಪ್ಪಿತವಾಗಿದೆ. ಆನುವಂಶಿಕ ಅಪಾಯವಿದ್ದ ಮಹಿಳೆಯರ ಅಂಡನಾಳಗಳಲ್ಲಿ ಇಂಥ ಬದಲಾವಣೆಗಳನ್ನು ನೆದರ್‌ಲ್ಯಾಂಡ್ಸ್‌ನ ವೈದ್ಯರು 2001ರಲ್ಲಿ ವರದಿ ಮಾಡಿದ್ದರು. ಒಳನುಗ್ಗಿಲ್ಲವೆಂದ ಮಾತ್ರಕ್ಕೆ ಪೂರ್ತಿ ನಿಶ್ಚಿಂತೆಯಿಂದ ಇರುವಂತಿಲ್ಲ. ನಾಳದ ತುದಿ ಸೆರಗಿನ ಕುಚ್ಚಿನಂತೆ ಬಿಡಿಬಿಡಿಯಾಗಿ ಹೊಟ್ಟೆಯೊಳಗೆ ತೆರೆದುಕೊಂಡಿರುವುದರಿಂದ, ಅಲ್ಲಿಂದ ಕಳಚಿದ ಕೋಶಗಳು ನೇರವಾಗಿ ಉದರದ ಒಳಪೊರೆಯ ಮೇಲೆ ಹೋಗಿ ಕೂರಬಲ್ಲವು.

ಸ್ಟಿಕ್ ಕಣ್ಣಿಗೆ ಕಾಣುವ ಗಡ್ಡೆಯಲ್ಲ. ಸ್ಕ್ಯಾನ್‌ನಲ್ಲಾಗಲಿ ರಕ್ತಪರೀಕ್ಷೆಯಲ್ಲಾಗಲಿ ಸಿಗುವುದಿಲ್ಲ. ಆದ್ದರಿಂದ ನಾಳದ ತುದಿಯ ಸುಮಾರು ಎರಡು ಸೆಂಟಿಮೀಟರ್ ಭಾಗವನ್ನು ಬೇರ್ಪಡಿಸಿ ಉದ್ದುದ್ದಕ್ಕೆ ಸೀಳಿ, ಉಳಿದುದನ್ನು ಎರಡು–ಮೂರು ಮಿಲಿಮೀಟರ್ ದಪ್ಪದ ಬಿಲ್ಲೆಗಳಾಗಿ ಕತ್ತರಿಸಿ, ಒಂದು ಚೂರನ್ನೂ ಬಿಡದೆ ಪರೀಕ್ಷಿಸುವ ‘ಸೀ–ಫಿಮ್’ ಎಂಬ ಕ್ರಮವಿದೆ. ಸಾಮಾನ್ಯ ಪದ್ಧತಿಯಂತೆ ಒಂದೆರಡು ತುಂಡು ಮಾತ್ರ ನೋಡಿದರೆ ಸ್ಟಿಕ್ ತಪ್ಪಿಹೋಗಬಹುದು, ಪಕ್ಕದಲ್ಲೇ ಒಳನುಗ್ಗಿದ ಕ್ಯಾನ್ಸರ್ ಇದ್ದರೆ ಅದೂ ತಪ್ಪಿಹೋಗಬಹುದು. ಸ್ಲೈಡ್ ನೋಡಿ ಅನುಮಾನ ಬಂದಾಗ ಅಂಗಾಂಶಕ್ಕೆ ಬಣ್ಣ ಹಚ್ಚಿ ನೋಡುವ ಎರಡು ಪರೀಕ್ಷೆಗಳನ್ನು ಮಾಡುತ್ತೇವೆ: ಪಿ53 ಎಂಬ ಪ್ರೋಟೀನ್‌ನದು ಒಂದು, ಕೋಶಗಳ ಬೆಳವಣಿಗೆಯ ವೇಗವನ್ನು ತೋರಿಸುವ ಕೆಐ-67 ಇನ್ನೊಂದು. ಪಿ53 ಮಾತ್ರ ಅಸಹಜವಾಗಿದ್ದು ಕೋಶಗಳ ರೂಪವೂ ಬೆಳವಣಿಗೆಯ ವೇಗವೂ ಸಹಜವಾಗಿದ್ದರೆ ಅದು ಸ್ಟಿಕ್ ಅಲ್ಲ, ಚಿಕಿತ್ಸೆಯೂ ಬೇಕಿಲ್ಲ. ಈ ಗೆರೆಯಲ್ಲಿ ಅನುಭವಿ ಪೆಥಾಲಜಿಸ್ಟ್‌ಗಳ ನಡುವೆಯೂ ಭಿನ್ನಾಭಿಪ್ರಾಯ ಬರುತ್ತದೆ. ಹಾಗಾಗಿ ಸ್ಲೈಡ್‌ಗಳನ್ನೂ ಅಂಗಾಂಶವನ್ನು ಹುದುಗಿಸಿಟ್ಟ ಮೇಣದ ಬ್ಲಾಕ್‌ಗಳನ್ನೂ ಆಸ್ಪತ್ರೆಯಿಂದ ಕೇಳಿ ಪಡೆದು, ಸ್ತ್ರೀರೋಗ ಕ್ಯಾನ್ಸರ್‌ನಲ್ಲಿ ಪಳಗಿದ ಇನ್ನೊಬ್ಬ ಪೆಥಾಲಜಿಸ್ಟ್‌ಗೆ ತೋರಿಸಿ. ಇದಕ್ಕೆ ಸಂಕೋಚ ಬೇಡ, ಅದು ನಿಮ್ಮ ಹಕ್ಕು.

ಸ್ಟಿಕ್ ಎಂದೇ ಖಚಿತವಾದರೆ, ಅದು ಒಂಟಿಯಾಗಿದೆಯೇ ಎಂಬುದು ಮುಂದಿನ ಪ್ರಶ್ನೆ. ಶಸ್ತ್ರಚಿಕಿತ್ಸೆಯ ವೇಳೆ ಹೊಟ್ಟೆಯನ್ನು ತೊಳೆದ ನೀರಿನ ಪರೀಕ್ಷೆ ಮಾಡಿದ್ದರೆ ಅದರ ಫಲಿತಾಂಶ ತೆಗೆಸಿ ನೋಡಿ. ಗೈನಕಾಲಜಿ ಆಂಕಾಲಜಿಸ್ಟ್ ಒಬ್ಬರು ಸಿ.ಟಿ. ಸ್ಕ್ಯಾನ್ ಮಾಡಿಸಬಹುದು, ಲ್ಯಾಪರೊಸ್ಕೋಪಿಯಲ್ಲಿ ಒಳಪೊರೆಯನ್ನೆಲ್ಲ ಪರಿಶೀಲಿಸಿ ಅಲ್ಲಲ್ಲಿ ಬಯಾಪ್ಸಿ ತೆಗೆದು, ಕರುಳಿನ ಮುಂದೆ ಇಳಿಬಿದ್ದಿರುವ ಕೊಬ್ಬಿನ ಪದರವಾದ ಒಮೆಂಟಮ್ ಅನ್ನೂ ತೆಗೆಯುವ ಸಲಹೆ ಕೊಡಬಹುದು. ಎಲ್ಲರಿಗೂ ಎರಡನೆಯ ಶಸ್ತ್ರಚಿಕಿತ್ಸೆ ಬೇಕೇ ಎಂಬುದರಲ್ಲಿ ವೈದ್ಯರಲ್ಲಿ ಒಮ್ಮತವಿಲ್ಲ. ಬೇರೆಲ್ಲೂ ರೋಗವಿಲ್ಲದ ಒಂಟಿ ಸ್ಟಿಕ್‌ಗೆ ಕಿಮೊಥೆರಪಿಯಿಂದ ಲಾಭವಿದೆ ಎನ್ನುವುದಕ್ಕೆ ಗಟ್ಟಿ ಆಧಾರವಿಲ್ಲ. ಅದಕ್ಕೆಂದೇ ಸಾಮಾನ್ಯವಾಗಿ ಕೊಡುವುದಿಲ್ಲ, ಭಯದಿಂದ ಕೊಡಿಸಿಕೊಳ್ಳುವುದೂ ಸರಿಯಲ್ಲವೆಂಬುದು ನನ್ನ ಅಭಿಪ್ರಾಯ. ಒಳನುಗ್ಗಿದ ಕ್ಯಾನ್ಸರ್ ಸಿಕ್ಕರೆ ಚಿಕಿತ್ಸೆಯ ದಾರಿಯೇ ಬೇರೆ. ತೊಳೆದ ನೀರಿನಲ್ಲಿ ಕ್ಯಾನ್ಸರ್ ಕೋಶಗಳು ಕಂಡರೆ ಕಿಮೊಥೆರಪಿಯ ವಿಚಾರವನ್ನು ಮತ್ತೆ ತೂಗಿ ನೋಡಲೇಬೇಕಾಗುತ್ತದೆ.

ಬಿಆರ್‌ಸಿಎ ದೋಷವಿದ್ದು ಅಕ್ಕನಂತೆಯೇ ಮುಂಜಾಗ್ರತೆಯಾಗಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಮಹಿಳೆಯರನ್ನು ಕುರಿತು 2022ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸ್ಟಿಕ್ ಇದ್ದವರಿಗೆ ಮುಂದೆ ಉದರದ ಒಳಪೊರೆಯ ಕ್ಯಾನ್ಸರ್ ಬರುವ ಸಾಧ್ಯತೆ ಐದು ವರ್ಷಗಳಲ್ಲಿ ಶೇ. 10.5, ಹತ್ತು ವರ್ಷಗಳಲ್ಲಿ ಶೇ. 27.5 ಎಂದು ಕಂಡುಬಂತು. ಸ್ಟಿಕ್ ಇಲ್ಲದವರಲ್ಲಿ ಅದು ಹತ್ತು ವರ್ಷಗಳಲ್ಲಿ ಶೇ. 0.9 ಮಾತ್ರ. ಹೆಚ್ಚಿನವರಿಗೆ ಏನೂ ಆಗುವುದಿಲ್ಲವೆಂಬುದು ನಿಜ, ಆದರೆ ಒಂದೆರಡು ವರ್ಷ ಕಳೆದ ಮೇಲೆ ಮರೆತುಬಿಡುವ ವಿಷಯ ಇದಲ್ಲ. ನಿಯಮಿತ ತಪಾಸಣೆಯೂ, ಇಂಥ ಕ್ಯಾನ್ಸರ್ ಬಂದಾಗ ರಕ್ತದಲ್ಲಿ ಏರಬಹುದಾದ ಪ್ರೋಟೀನನ್ನು ಅಳೆಯುವ ಸಿಎ-125 ರಕ್ತಪರೀಕ್ಷೆಯೂ ಜೀವ ಉಳಿಸುತ್ತವೆಂದು ಸಾಬೀತಾಗಿಲ್ಲವಾದರೂ, ಈ ಅಪಾಯವನ್ನು ನೋಡಿ ಬಹಳಷ್ಟು ವೈದ್ಯರು ಅವನ್ನು ವರ್ಷಗಟ್ಟಲೆ ಮುಂದುವರಿಸುತ್ತಾರೆ. ಅಕ್ಕನಿಗೆ ಹೊಟ್ಟೆಯುಬ್ಬರ, ಬೇಗ ಹೊಟ್ಟೆ ತುಂಬಿದಂತಾಗುವುದು ಮೊದಲಾದವು ವಾರಗಟ್ಟಲೆ ಉಳಿದರೆ ಗ್ಯಾಸ್ಟ್ರಿಕ್ ಎಂದು ಸುಮ್ಮನಿರದೆ ವೈದ್ಯರಿಗೆ ತೋರಿಸಲಿ. ಬಿಆರ್‌ಸಿಎ1 ದೋಷದಿಂದ ಸ್ತನ ಕ್ಯಾನ್ಸರ್‌ನ ಅಪಾಯವೂ ಇರುವುದರಿಂದ ಸ್ತನದ ಎಂಆರ್‌ಐ ಬಗ್ಗೆ, ಅವಧಿಗೆ ಮೊದಲೇ ಮುಟ್ಟು ನಿಂತಿರುವುದರಿಂದ ಮೂಳೆಯ ಆರೋಗ್ಯದ ಬಗ್ಗೆಯೂ ಈಗಲೇ ಕೇಳಿ.

ಕೊನೆಯದಾಗಿ ನಿಮ್ಮ ವಿಷಯ. ಒಡಹುಟ್ಟಿದವರಲ್ಲಿ ಪ್ರತಿಯೊಬ್ಬರಿಗೂ, ಗಂಡಾಗಲಿ ಹೆಣ್ಣಾಗಲಿ, ಅದೇ ದೋಷವಿರುವ ಸಾಧ್ಯತೆ ಅರ್ಧದಷ್ಟು. ಅಕ್ಕನ ಜೆನೆಟಿಕ್ ವರದಿಯ ಪ್ರತಿಯನ್ನು ಜೊತೆಗೊಯ್ದು ಜೆನೆಟಿಕ್ ಕೌನ್ಸೆಲರ್ ಅನ್ನು ಕಾಣಿ. ಯಾವ ದೋಷವನ್ನು ಹುಡುಕಬೇಕೆಂದು ಗೊತ್ತಿರುವುದರಿಂದ ಅದೊಂದನ್ನೇ ಪರೀಕ್ಷಿಸಿದರೆ ಸಾಕಾಗಬಹುದು, ಖರ್ಚೂ ಕಡಿಮೆಯಾಗುತ್ತದೆ.