ಹೆದರಿಸುತ್ತಿದ್ದ ಡ್ರಾಕುಲಾ ನಗಿಸಲು ಶುರು ಮಾಡಿದ್ದು ಹೇಗೆ?

ನಮ್ಮ ಶಿರಸಿ ಕಡೆ ರಕ್ತ ಹೀರುವುದು ಅಂದರೆ ಉಂಬಳ (ಜಿಗಣೆ). ಸುಣ್ಣ ಹಚ್ಚಿದರೆ ಕೆಲಸ ಮುಗೀತು. ಸಿನಿಮಾದಲ್ಲಿ ರಕ್ತ ಹೀರುವ ಪಿಶಾಚಿ ವ್ಯಾಂಪೈರ್‌ಗೆ ಮಾತ್ರ ನಿಯಮಗಳು ಜಾಸ್ತಿ. ನಗು ಹುಟ್ಟಿದ್ದೂ ಅಲ್ಲೇ.

1922ರ ಜರ್ಮನ್ ಮೂಕಿಚಿತ್ರ ‘ನೊಸ್ಫೆರಾಟು’ ಬ್ರಾಮ್ ಸ್ಟೋಕರ್‌ನ ‘ಡ್ರಾಕುಲಾ’ ಕಾದಂಬರಿಯನ್ನು ಅನುಮತಿ ಇಲ್ಲದೆ ಬಳಸಿತ್ತು. ಅವನ ಹೆಂಡತಿ ಕೋರ್ಟಿಗೆ ಹೋದರು, ಪ್ರತಿಗಳನ್ನು ನಾಶ ಮಾಡಿ ಎಂದು ಆದೇಶವಾಯಿತು. ಹೇಗೋ ಕೆಲವು ಉಳಿದುಕೊಂಡವು. ಬಿಸಿಲು ಬಿದ್ದರೆ ವ್ಯಾಂಪೈರ್ ಸಾಯುತ್ತದೆ ಅನ್ನುವುದು ಜನಪ್ರಿಯವಾಗಿದ್ದು ಈ ಚಿತ್ರದಿಂದಲೇ. 1897ರ ಕಾದಂಬರಿಯಲ್ಲಿ ಡ್ರಾಕುಲಾ ಹಗಲಲ್ಲೇ ಲಂಡನ್ ಸುತ್ತುತ್ತಾನೆ!

1931ರ ‘ಡ್ರಾಕುಲಾ’ ಚಿತ್ರದಲ್ಲಿ ಡ್ರಾಕುಲಾ ಆಗಿ ನಟ ಬೆಲಾ ಲುಗೋಸಿ ಬಂದ. ಕಪ್ಪು ಮೇಲಂಗಿ, ಎಳೆದು ಎಳೆದು ಆಡುವ ಮಾತು. ಮುಂದಿನವರು ಜಾಸ್ತಿ ಅಣಕಿಸಿದ್ದು ಇವನನ್ನೇ. ಒಂದೇ ವೇಷ ನೂರು ಸಲ ನೋಡಿದ ಮೇಲೆ ಹೆದರಿಕೆ ಎಲ್ಲಿ ಉಳಿಯುತ್ತದೆ, ಅಲ್ವಾ?

ನನಗೆ ಇಷ್ಟವಾದದ್ದು 2014ರ ನ್ಯೂಜಿಲೆಂಡ್ ಚಿತ್ರ ‘ವಾಟ್ ವಿ ಡೂ ಇನ್ ದ ಶಾಡೋಸ್’. ಒಂದೇ ಮನೆಯಲ್ಲಿರುವ ವ್ಯಾಂಪೈರ್‌ಗಳಿಗೆ ಪಾತ್ರೆ ತೊಳೆಯುವ ವಿಷಯಕ್ಕೆ ಜಗಳ. ಯಾರಾದರೂ ಕರೆಯದೆ ಒಳಗೆ ಹೋಗುವಂತಿಲ್ಲ, ಹಾಗಾಗಿ ಕ್ಲಬ್ ಬಾಗಿಲಲ್ಲಿ ‘ನಮ್ಮನ್ನು ಒಳಗೆ ಕರೀರಿ’ ಎಂದು ಕೇಳಿಕೊಳ್ಳುತ್ತಾರೆ. ನಮ್ಮೂರಲ್ಲಾದರೆ ಆ ಕಷ್ಟವಿಲ್ಲ. ಯಾರೇ ಬರಲಿ, ‘ಒಳಗೆ ಬನ್ನಿ, ಆಸರಿಗೆ (ಕುಡಿಯಲು) ಏನು ಬೇಕು?’ ಅಂತಲೇ ಶುರು.