ಎದುರಿಗಿಟ್ಟ ವಸ್ತು ನೋಡಿ ಬರೆಯಲು ಕಲಿಸುವುದು ಹೇಗೆ? ಮೊದಲ ವರ್ಷದ ಚಿತ್ರಕಲೆಗೆ ಯಾವ ಪ್ರಾಜೆಕ್ಟ್‌ ಕೊಡಬೇಕು?

ಹಾಸನದ ಕಲಾ ಶಾಲೆಯಲ್ಲಿ ಮೊದಲ ವರ್ಷದ 20 ಮಕ್ಕಳಿಗೆ ಡ್ರಾಯಿಂಗ್, ಪೇಂಟಿಂಗ್ ಎರಡನ್ನೂ ಹೇಳಿಕೊಡಬೇಕು, ಮೊಬೈಲ್‌ನಲ್ಲಿ ಫೋಟೊ ಕೊಟ್ಟರೆ ರೆಪ್ಪೆಯ ಕೂದಲನ್ನೂ ಬಿಡದೆ ಬರೆಯುತ್ತಾರೆ, ಎದುರಿಗೆ ಒಂದು ಬಿಂದಿಗೆ ಇಟ್ಟರೆ ತಡವರಿಸುತ್ತಾರೆ, ಆಗಸ್ಟ್‌ನಿಂದ ಜನವರಿವರೆಗೆ ಯಾವ ಪ್ರಾಜೆಕ್ಟ್‌ ಕೊಡಲಿ ಎಂದು ಕೇಳಿದ್ದೀರಿ. ನಾನು ಹೇಳುವುದು ಇಷ್ಟೇ: ಒಂದು ಪ್ರಾಜೆಕ್ಟ್‌ನಲ್ಲಿ ಒಂದೇ ಸಮಸ್ಯೆ ಇಡಿ. ತಪ್ಪಾದರೆ ಅದು ನೀವು ಬಾಯಿ ಬಿಡುವ ಮೊದಲೇ ಬರೆದವರ ಕಣ್ಣಿಗೆ ಬೀಳುವ ಹಾಗೆ ಅದನ್ನು ಕಟ್ಟಿ. ‘ಒಂದು ನಿಸರ್ಗ ಚಿತ್ರ ಬರೆದು ತನ್ನಿ’ ಅಂದರೆ ಅಳತೆ, ಬೆಳಕು, ಬಣ್ಣ, ಸಂಯೋಜನೆ ಎಲ್ಲವೂ ಒಟ್ಟಿಗೆ ತಲೆ ಮೇಲೆ ಬೀಳುತ್ತದೆ. ಅವರು ಫೋನ್ ತೆಗೆಯುವುದು ಆಗಲೇ.

ಫೋಟೊದಲ್ಲಿ ಕಷ್ಟದ ಕೆಲಸವನ್ನು ಲೆನ್ಸ್ ಮುಗಿಸಿಬಿಟ್ಟಿರುತ್ತದೆ. ಉದ್ದ, ಅಗಲ, ಆಳ ಇರುವ ವಸ್ತು ಆಗಲೇ ಚಪ್ಪಟೆ ಹಾಳೆಯಾಗಿದೆ, ನೆರಳು ಅಲುಗುವುದಿಲ್ಲ, ನೋಡುವ ಜಾಗ ಬದಲಾಗುವುದಿಲ್ಲ. ಎದುರಿಗಿರುವ ಬಿಂದಿಗೆಯನ್ನು ನಾವು ಎರಡು ಕಣ್ಣಿನಲ್ಲಿ ನೋಡುತ್ತೇವೆ, ತಲೆ ಅರ್ಧ ಇಂಚು ಸರಿದರೂ ಬಾಯಿಯ ದೀರ್ಘವೃತ್ತ ಬೇರೆಯಾಗುತ್ತದೆ. ಅದಕ್ಕೇ ಮೊದಲ ವಾರ ಅಳತೆಯೊಂದೇ ಸಾಕು. ಒಂದು ಕಣ್ಣು ಮುಚ್ಚಿ, ಮೊಣಕೈ ಮಡಚದೆ ಪೆನ್ಸಿಲ್ ಹಿಡಿದು, ವಸ್ತುವಿನ ಉದ್ದ ಅಗಲವನ್ನು ಅದರ ಮೇಲೆ ಹೆಬ್ಬೆರಳಿನಿಂದ ಗುರುತಿಸುವುದು. ಮೊಣಕೈ ಸ್ವಲ್ಪ ಮಡಚಿದರೂ ಅಳತೆ ಕೆಡುತ್ತದೆ, ಅಳೆಯಲು ಬರುವುದಿಲ್ಲ ಎನ್ನುವವರಲ್ಲಿ ಬಹುಪಾಲು ತಪ್ಪು ಇಲ್ಲೇ ಇರುತ್ತದೆ. ಡಾಂಕಿ ಬೆಂಚಿನ (ಎರಡೂ ಕಡೆ ಕಾಲು ಹಾಕಿ ಕೂತು, ಮುಂದೆ ಹಲಗೆ ಆನಿಸಿ ಬರೆಯುವ ಬೆಂಚು) ಕಾಲು ಇರುವ ಜಾಗವನ್ನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗುರುತು ಮಾಡಿಸಿ. ಮರುದಿನ ಅದೇ ಜಾಗದಲ್ಲಿ ಕೂರದಿದ್ದರೆ ಹಿಂದಿನ ದಿನದ ಅಳತೆ ಯಾವುದಕ್ಕೂ ಬರುವುದಿಲ್ಲ.

ಮೊದಲ ಪ್ರಾಜೆಕ್ಟ್ ಖಾಲಿ ಜಾಗದ್ದು, ನೆಗೆಟಿವ್ ಸ್ಪೇಸ್ ಅನ್ನುತ್ತೇವಲ್ಲ ಅದು. ಎರಡು ಮರದ ಸ್ಟೂಲು, ಒಂದು ಏಣಿ, ಒಂದು ಮುರಿದ ಕುರ್ಚಿ ಅಡ್ಡಾದಿಡ್ಡಿ ಪೇರಿಸಿ. ರಟ್ಟಿನಲ್ಲಿ 9×12 ಸೆಂ.ಮೀ. ಕಿಂಡಿ ಕತ್ತರಿಸಿ, ನಡುವೆ ಅಡ್ಡ–ಉದ್ದ ದಾರ ಅಂಟಿಸಿಕೊಂಡು ಅದರ ಮೂಲಕ ನೋಡಲಿ. ಹಾಳೆ 45×60 ಸೆಂ.ಮೀ. ಇರಲಿ, ಕಿಂಡಿಗೂ ಹಾಳೆಗೂ ಒಂದೇ ಅನುಪಾತ ಇದ್ದರೆ ಮಾತ್ರ ಇದು ಉಪಯೋಗಕ್ಕೆ ಬರುತ್ತದೆ. ನಿಯಮ ಒಂದೇ: ಸ್ಟೂಲು ಬರೆಯುವಂತಿಲ್ಲ. ಕಾಲುಗಳ ನಡುವೆ, ಏಣಿಯ ಮೆಟ್ಟಿಲುಗಳ ನಡುವೆ ಕಾಣುವ ಗೋಡೆಯ ತುಂಡುಗಳನ್ನು ಮಾತ್ರ ಇದ್ದಿಲಿನಲ್ಲಿ ತುಂಬಬೇಕು. ಮೊದಲ ತುಂಡು ತಪ್ಪಿದರೆ ನಾಲ್ಕನೆಯದಕ್ಕೆ ಜಾಗ ಸಾಲುವುದಿಲ್ಲ, ಇಲ್ಲವೇ ಮಿಕ್ಕುತ್ತದೆ. ತಪ್ಪನ್ನು ಹಾಳೆಯೇ ತೋರಿಸುತ್ತದೆ, ನೀವು ಹೇಳಬೇಕಾಗಿಲ್ಲ. ಕೆಲವರು ಕದ್ದು ಔಟ್‌ಲೈನ್ ಎಳೆದು ಆಮೇಲೆ ಹೊರಗೆ ತುಂಬುತ್ತಾರೆ. ಕಾಲುಗಳೆಲ್ಲ ಒಂದೇ ಉದ್ದ, ಒಂದೇ ದಪ್ಪ ಇದ್ದರೆ ಹಾಗೆ ಮಾಡಿದ್ದಾರೆಂದೇ ಅರ್ಥ, ಏಕೆಂದರೆ ಸ್ಟೂಲಿನ ಕಾಲು ಸಮ ಇರುತ್ತದೆಂದು ತಲೆಗೆ ಗೊತ್ತು, ಕಣ್ಣಿಗೆ ಅದು ಸಮ ಕಾಣುವುದಿಲ್ಲ. ಅಂಥವರ ಕೈಯಿಂದ ಪೆನ್ಸಿಲ್ ಇಸಿದುಕೊಂಡು ಕಪ್ಪು ಚಾರ್ಟ್ ಪೇಪರ್, ಕತ್ತರಿ, ಮೈದಾ ಅಂಟು ಕೊಡಿ. ತುಂಡುಗಳನ್ನು ಗುರುತು ಹಾಕದೆ ನೇರವಾಗಿ ಕತ್ತರಿಸಿ ಅಂಟಿಸಲಿ. ಎರಡು ವಾರ ಇದಕ್ಕೆ ಸಾಕು.

ಮುಂದಿನ ಮೂರು ವಾರ ಬೆಳಕು ಮತ್ತು ನೆರಳು. ಬಿಳಿ ವಸ್ತುಗಳೇ ಬೇಕು: ಸುಣ್ಣ ಬಳಿದ ಮಡಕೆ, ಮೊಟ್ಟೆ, ಮುದುಡಿದ ಕಾಗದ, ಬಿಳಿ ಪಂಚೆ. ಬಣ್ಣ ಇಲ್ಲದಿದ್ದರೆ ಟೋನ್, ಅಂದರೆ ತಿಳಿ–ಕಪ್ಪಿನ ಮಟ್ಟ, ಒಂದೇ ಕಣ್ಣಿಗೆ ಉಳಿಯುತ್ತದೆ. ಕಿಟಕಿಗೆ ಚಾಪೆ ಕಟ್ಟಿ, ಮೇಲಿನ ಟ್ಯೂಬ್‌ಲೈಟ್ ಆರಿಸಿ, ಮೂರಡಿ ದೂರದಿಂದ ಎಡಗಡೆ ಮೇಲೆ ಒಂದೇ ಒಂದು 9 ವಾಟ್ ಬಲ್ಬ್ ಹಾಕಿ. ಟ್ಯೂಬ್‌ಲೈಟ್ ಉರಿಯುತ್ತಿದ್ದರೆ ಎರಡು ಮೂರು ನೆರಳು ಒಂದರ ಮೇಲೊಂದು ಬಿದ್ದು ಮಕ್ಕಳು ಮಾತ್ರವಲ್ಲ, ಯಾರು ಬರೆದರೂ ಗೊಂದಲವೇ. 20 ಜನ ಒಂದೇ ಜೋಡಣೆಯ ಸುತ್ತ ಕೂತರೆ ಅರ್ಧಕ್ಕರ್ಧ ಜನಕ್ಕೆ ಬರೀ ಬೆಳಕಿನ ಬದಿ ಕಾಣುತ್ತದೆ, ಆದ್ದರಿಂದ ಎರಡು ಕಡೆ ಜೋಡಿಸಿ.

ಕಾರ್ಟ್ರಿಜ್ ಹಾಳೆಗೆ (ದಪ್ಪ ಡ್ರಾಯಿಂಗ್ ಕಾಗದ) ಇದ್ದಿಲು ಉಜ್ಜಿ, ಹತ್ತಿ ಬಟ್ಟೆಯಲ್ಲಿ ಒರೆಸಿ, ಪೂರ್ತಿ ನಡು ಬೂದು ಮಾಡಿಕೊಳ್ಳಬೇಕು. ಬೆಳಕನ್ನು ಮೆತ್ತನೆಯ ಪುಟ್ಟಿ ರಬ್ಬರ್‌ನಿಂದ ಎತ್ತುವುದು, ಕಪ್ಪನ್ನು ಒತ್ತಿ ಗಟ್ಟಿ ಮಾಡಿದ ಚಾರ್ಕೋಲ್‌ನಿಂದ ಕೂಡಿಸುವುದು. ಒಟ್ಟು ಐದೇ ಟೋನ್, ಆ ಐದನ್ನೂ ಹಾಳೆಯ ಅಂಚಿನಲ್ಲಿ ಪಟ್ಟಿಯಾಗಿ ಮೊದಲೇ ಮಾಡಿಟ್ಟಿರಬೇಕು. ಇಲ್ಲಿ ಎಲ್ಲರೂ ಎಡವುವ ಜಾಗ ನೆರಳೊಳಗಿನ ಮರುಬೆಳಕು. ಮಡಕೆಯ ನೆರಳಿನ ಬದಿಗೆ ಪಂಚೆಯಿಂದ ಬೆಳಕು ಚಿಮ್ಮಿರುತ್ತದೆ, ಸುತ್ತ ಕಪ್ಪಿರುವುದರಿಂದ ಅದು ಇರುವುದಕ್ಕಿಂತ ಪ್ರಕಾಶವಾಗಿ ಕಾಣುತ್ತದೆ, ಮಕ್ಕಳು ರಬ್ಬರ್ ತಗೊಂಡು ಅದನ್ನು ಬಿಳಿ ಮಾಡುತ್ತಾರೆ. ಆಗ ಮಡಕೆಯ ಉರುಟು ಹೋಗಿ ತಗಡಿನ ಹಾಗಾಗುತ್ತದೆ. ಕಣ್ಣು ಕಿರಿದು ಮಾಡಿ ನೋಡಿದರೆ ಆ ಮರುಬೆಳಕು ನೆರಳಿನಲ್ಲೇ ಕರಗಿಹೋಗುತ್ತದೆ. ಬೆಳಕಿನ ಬದಿಯ ಅತಿ ಮಬ್ಬು ಟೋನ್‌ಗಿಂತಲೂ ಅದು ಕಪ್ಪಾಗಿಯೇ ಇರಬೇಕು, ಇದನ್ನು ನಿಯಮವಾಗಿಯೇ ಕೊಡಿ. ಕೆಲಸ ಮುಗಿದ ಮೇಲೆ ಇದ್ದಿಲು ಉದುರದಂತೆ ಹಿಡಿಯುವ ಫಿಕ್ಸೆಟಿವ್ ಸ್ಪ್ರೇಯನ್ನು ಹೊರಗೆ ಗಾಳಿಯಲ್ಲಿ, ಒಂದಡಿ ದೂರದಿಂದ, ತೆಳುವಾಗಿ ಎರಡು ಸಲ ಹೊಡೆಯಿರಿ. ಹತ್ತಿರದಿಂದ ಹೊಡೆದರೆ ಹನಿ ಕಟ್ಟಿ ಇದ್ದಿಲನ್ನೇ ತೊಳೆದುಬಿಡುತ್ತದೆ.

ಇದ್ದಿಲಿಗೆ ದುಡ್ಡು ಸುರಿಯಬೇಕಾಗಿಲ್ಲ, ನಮ್ಮ ಕಡೆ ಮಾಡಿಕೊಳ್ಳುವುದು ಸುಲಭ. ಕೊಯ್ಲು ಮುಗಿದ ಮೇಲೆ ತೋಟಗಳಲ್ಲಿ ಗಿಡ ಸವರುವಾಗ ಬೀಳುವ ಕಾಫಿ ಕಡ್ಡಿಗಳಲ್ಲಿ ಪೆನ್ಸಿಲ್ ದಪ್ಪದ ಎಳೆಯವನ್ನು ಆರಿಸಿ, ಸಿಪ್ಪೆ ಸುಲಿದು, ಚೆನ್ನಾಗಿ ಒಣಗಿಸಿ ಇಟ್ಟುಕೊಳ್ಳಿ. ಬಲಿತ ಕಡ್ಡಿ ಬೇಡ, ಅದರ ಇದ್ದಿಲು ಗಟ್ಟಿಯಾಗಿ ಕಾಗದ ಗೀರುತ್ತದೆ. ತಗಡಿನ ಡಬ್ಬಿಯಲ್ಲಿ ಸಂದಿಲ್ಲದಂತೆ ಒತ್ತೊತ್ತಾಗಿ ತುಂಬಿ, ಮುಚ್ಚಳಕ್ಕೆ ಮೊಳೆಯಲ್ಲಿ ಒಂದು ತೂತು ಮಾಡಿ ಬೆಂಕಿಗಿಡಿ. ಮೊದಲು ಬಿಳಿ ಹಬೆ, ಆಮೇಲೆ ಹೊಗೆ ಬರುತ್ತದೆ. ಹೊಗೆ ಪೂರ್ತಿ ನಿಂತ ಮೇಲೆ ಡಬ್ಬಿ ತೆಗೆದು, ತೂತು ಮುಚ್ಚಿ, ತಣ್ಣಗಾಗುವವರೆಗೆ ಮುಟ್ಟಬೇಡಿ. ಬಿಸಿ ಇರುವಾಗಲೇ ಮುಚ್ಚಳ ತೆಗೆದರೆ ಗಾಳಿ ಸಿಕ್ಕಿ ಎಲ್ಲ ಬೂದಿಯಾಗುತ್ತದೆ. ಹೊಗೆ ನಿಲ್ಲುವ ಮೊದಲೇ ಇಳಿಸಿದರೆ ನಡುಭಾಗ ಕಂದಾಗಿ ಉಳಿದು ಕಾಗದಕ್ಕೆ ಹತ್ತುವುದಿಲ್ಲ.

ಅಕ್ಟೋಬರ್‌ವರೆಗೆ ಜಲವರ್ಣಕ್ಕೆ ಕೈ ಹಾಕಬೇಡಿ, ಇದನ್ನು ಒತ್ತಿ ಹೇಳುತ್ತೇನೆ. ಹಾಸನ ಪೇಟೆಯಲ್ಲಿ ಹೇಗೋ ನಡೆದೀತು, ಸಕಲೇಶಪುರ, ಮೂಡಿಗೆರೆ ಕಡೆ ಮಳೆಗಾಲದಲ್ಲಿ ಮೊದಲ ವಾಶ್, ಅಂದರೆ ನೀರು ಬೆರೆಸಿದ ಬಣ್ಣದ ತೆಳು ಪದರ, ಒಣಗುವುದೇ ಇಲ್ಲ. ಅರೆ ಒಣಗಿದ ಬಣ್ಣದ ಮೇಲೆ ಇನ್ನೊಂದು ಒದ್ದೆ ಕುಂಚ ಇಟ್ಟರೆ ನೀರು ಒಳಗಿನಿಂದ ಬಣ್ಣವನ್ನು ತಳ್ಳಿ ಹೂಕೋಸಿನಂಥ ಕಲೆ ಏಳುತ್ತದೆ. ಅದು ಮಗುವಿನ ತಪ್ಪಲ್ಲ, ಹವೆಯದು. ಇನ್ನೊಂದು ತೊಂದರೆ ಕಾಗದದ್ದು. ಜಲವರ್ಣದ ಕಾಗದಕ್ಕೆ ನೀರು ಒಳಗಿಳಿಯದಂತೆ ಅಂಟಿನ ಲೇಪ ಇರುತ್ತದೆ. ತೇವದಲ್ಲಿ ತಿಂಗಳುಗಟ್ಟಲೆ ಬಿಚ್ಚಿಟ್ಟರೆ ಆ ಲೇಪ ಅಲ್ಲಲ್ಲಿ ಸಾಯುತ್ತದೆ, ಬೂಷ್ಟೂ ಹಿಡಿಯುತ್ತದೆ. ಕಣ್ಣಿಗೆ ಹಾಳೆ ಸರಿಯಾಗಿಯೇ ಕಾಣುತ್ತದೆ, ವಾಶ್ ಹಾಕಿದಾಗ ಮಾತ್ರ ಬಣ್ಣ ಒಳಗಿಳಿದು ಕಪ್ಪು ಚುಕ್ಕೆಗಳು ಬೀಳುತ್ತವೆ. ಮೂಲೆಯಲ್ಲಿ ಒಂದು ಹನಿ ನೀರಿಟ್ಟು ನೋಡಿ, ಹನಿ ನಿಲ್ಲದೆ ತಕ್ಷಣ ಇಂಗಿದರೆ ಆ ಕಾಗದ ಇದ್ದಿಲಿಗೆ ಇರಲಿ. ಉಳಿದದ್ದನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ ತೇವ ಹೀರುವ ಸಿಲಿಕಾ ಜೆಲ್ ಹಾಕಿ ಟ್ರಂಕ್‌ನಲ್ಲಿಡಿ. 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಕಾಗದ ಕೊಳ್ಳಲು ಎಲ್ಲರಿಗೂ ಆಗದು. ಅದಕ್ಕಿಂತ ತೆಳು ಹಾಳೆಯಾದರೆ ಐದು ನಿಮಿಷ ನೀರಿನಲ್ಲಿ ನೆನೆಸಿ, 12 ಮಿ.ಮೀ. ಪ್ಲೈವುಡ್ ಮೇಲೆ ಹಾಸಿ, ನಾಲ್ಕು ಕಡೆ ಗೋಂದಿನ ಟೇಪ್ ಹಚ್ಚಿ, ಮಲಗಿಸಿಯೇ ಒಣಗಿಸಲಿ. ಹಲಗೆ ನಿಲ್ಲಿಸಿದರೆ ನೀರು ಕೆಳಗಿಳಿದು ಆ ಅಂಚಿನ ಟೇಪ್ ಬಿಡುತ್ತದೆ.

ನವೆಂಬರ್‌ನಲ್ಲಿ ಬಣ್ಣ. ನಮ್ಮ ಜಿಲ್ಲೆಗಳ ಮಕ್ಕಳಿಗೆ ಅತಿ ಕಷ್ಟದ ಬಣ್ಣ ಹಸಿರು, ಏಕೆಂದರೆ ಹುಟ್ಟಿದಾಗಿನಿಂದ ಕಂಡಿದ್ದಾರೆ, ನೋಡಿರುವುದಿಲ್ಲ. ತೋಟ ಬರೆಯಿರಿ ಅಂದರೆ ಸ್ಯಾಪ್ ಗ್ರೀನ್ ಟ್ಯೂಬ್ ಹಿಂಡುತ್ತಾರೆ, ತಿಳಿ ಬೇಕಾದರೆ ಹಳದಿ, ಕಪ್ಪು ಬೇಕಾದರೆ ಕಪ್ಪು. ಆದ್ದರಿಂದ ಹಸಿರಿನ ಟ್ಯೂಬ್ ಮತ್ತು ಕಪ್ಪು ಎರಡನ್ನೂ ಕಸಿದುಕೊಳ್ಳಿ. ಅಲ್ಟ್ರಾಮರೀನ್, ಪ್ರಷ್ಯನ್ ನೀಲಿ, ಲೆಮನ್ ಹಳದಿ, ಯೆಲ್ಲೊ ಓಕರ್, ಬರ್ನ್ಟ್ ಸಿಯೆನ್ನಾ, ಇಷ್ಟೇ. ಮೂರು ಸೆಂ.ಮೀ. ಚೌಕದಲ್ಲಿ 24 ಬೇರೆ ಬೇರೆ ಹಸಿರು, ಪ್ರತಿಯೊಂದರ ಕೆಳಗೆ ಯಾವುದಕ್ಕೆ ಯಾವುದು ಎಂದು ಬರೆದಿರಬೇಕು. ಪ್ರಷ್ಯನ್ ನೀಲಿಯ ಬಲ ಜಾಸ್ತಿ. ಬಟಾಣಿಯಷ್ಟು ಹಳದಿಗೆ ಅಕ್ಕಿಕಾಳಿನ ತುದಿಯಷ್ಟು ಹಾಕಿದರೂ ಸಾಕು, ಮೊದಲು ನೀಲಿ ಹಿಂಡಿದವರು ಒಂದು ಟ್ಯೂಬ್ ಹಳದಿ ಸುರಿದರೂ ತಿಳಿಯಾಗುವುದಿಲ್ಲ. ಅಲ್ಟ್ರಾಮರೀನ್‌ನಲ್ಲಿ ಕೆಂಪಿನ ಒಲವಿರುವುದರಿಂದ ಅದರ ಹಸಿರು ಮಂಕು, ದೂರದ ಮರಗಳಿಗೆ ಅದೇ ಸರಿ. ಅಲ್ಟ್ರಾಮರೀನ್‌ಗೆ ಸಿಯೆನ್ನಾ ಕೂಡಿಸಿದರೆ ಸಿಗುವ ಬೂದು ಬಣ್ಣವೇ ನಿಮ್ಮ ಕಪ್ಪಿನ ಕೆಲಸ ಮಾಡುತ್ತದೆ.

ಆಮೇಲೆ ಎಲೆ ತರಿಸಿ: ಕಾಫಿ ಎಲೆಯ ಮೇಲ್ಮೈ, ಅದರ ತಳಭಾಗ, ಮೆಣಸಿನ ಬಳ್ಳಿಯ ಎಲೆ, ಬೆಳ್ಳಗೆ ಹೊಳೆಯುವ ಹಿಂಬದಿಯ ಸಿಲ್ವರ್ ಓಕ್ ಎಲೆ. ಕೆಲವು ಅರೇಬಿಕಾ ಗಿಡಗಳ ಚಿಗುರು ತಾಮ್ರದ ಬಣ್ಣಕ್ಕಿರುತ್ತದೆ, ಅದನ್ನೂ ತನ್ನಿ. ಬಿಳಿ ಕಾರ್ಡಿನಲ್ಲಿ ಒಂದು ಸೆಂ.ಮೀ. ತೂತು ಮಾಡಿ ಎಲೆ ಮೇಲಿಟ್ಟರೆ ಆ ಜಾಗದ ಬಣ್ಣ ಮಾತ್ರ ಕಾಣುತ್ತದೆ, ಪಕ್ಕದಲ್ಲೇ ಬಣ್ಣ ಹಚ್ಚಿ ಹೋಲಿಸಬಹುದು. ಕಿಟಕಿಯ ಹತ್ತಿರ ಕಾಫಿ ಎಲೆಯನ್ನು ಸ್ವಲ್ಪ ಓರೆ ಹಿಡಿದು ತೂತಿನೊಳಗೆ ನೋಡಲು ಹೇಳಿ. ನರಗಳ ನಡುವೆ ಉಬ್ಬಿದ ಜಾಗದಲ್ಲಿ ಕಾಣುವುದು ಹಸಿರಲ್ಲ, ಆಕಾಶದ ತಿಳಿ ನೀಲಿ ಬೂದು. ಹೊಳಪಿನ ಎಲೆ ಕನ್ನಡಿಯ ಕೆಲಸ ಮಾಡುತ್ತಿರುತ್ತದೆ. ಈ ಒಂದು ತುಂಡು ನೀಲಿ ಬೂದನ್ನು ಕಂಡವರು ಆಮೇಲೆ ಎಲೆಗೆ ಹಳದಿ ಬೆರೆಸಿ ‘ಹೊಳಪು’ ಕೊಡುವುದಿಲ್ಲ. ಇದಾದ ಮೇಲೆ ಬೆಟ್ಟ ಸಲೀಸು. ಚಿಕ್ಕಮಗಳೂರಿನಿಂದ ಮುಳ್ಳಯ್ಯನಗಿರಿ ಕಡೆ ಕಾಣುವ ಸಾಲುಗಳಲ್ಲಿ ಮೂರನ್ನು ಮಾತ್ರ ಬರೆಸಿ, ಹಿಂದಿನ ಸಾಲು ಮೊದಲು, ಮುಂದಿನದು ಕೊನೆಗೆ. ನಡುವಿನ ಗಾಳಿ ನೀಲಿ ಬೆಳಕನ್ನು ಹೆಚ್ಚು ಚದುರಿಸುವುದರಿಂದ ದೂರದ ಸಾಲು ನೀಲಿಯಾಗಿಯೂ ತಿಳಿಯಾಗಿಯೂ ಇರುತ್ತದೆ.

ಡಿಸೆಂಬರ್‌ನಲ್ಲಿ ಹಳೇಬೀಡು. ಹಾಸನದಿಂದ ಸುಮಾರು 30 ಕಿ.ಮೀ., ಬೆಳಗ್ಗೆ ಹೋಗಿ ಸಂಜೆ ಬರಬಹುದು. 1121ರಲ್ಲಿ ಶುರುವಾದ ಹೊಯ್ಸಳೇಶ್ವರ ದೇವಸ್ಥಾನ ಎದುರಿಗಿದ್ದರೆ ಎಲ್ಲರೂ ಪೂರ್ತಿ ಗುಡಿ ಬರೆಯಲು ಹೊರಡುತ್ತಾರೆ. ಬಿಡಬೇಡಿ. ತಳದ ಆನೆ ಸಾಲಿನಲ್ಲಿ ಮೂರೇ ಆನೆ, ಅಷ್ಟೇ. ಪಶ್ಚಿಮದ ಗೋಡೆ ಆರಿಸಿಕೊಳ್ಳಿ. ಗುಡಿಯ ಮುಖ ಪೂರ್ವಕ್ಕಿರುವುದರಿಂದ ಬೆಳಗ್ಗೆ ಆ ಗೋಡೆಗೆ ನೇರ ಬಿಸಿಲು ಬೀಳುವುದಿಲ್ಲ. ಡಿಸೆಂಬರ್‌ನಲ್ಲಿ ಒಂದು ಗಂಟೆಯಿಂದ ಎರಡೂವರೆವರೆಗೆ ಬಿಸಿಲು ಗೋಡೆಯನ್ನು ಓರೆಯಾಗಿ ಸವರುತ್ತದೆ, ಕೆತ್ತನೆಯ ಪ್ರತಿ ಅಂಚಿಗೂ ಗಡುಸಾದ ನೆರಳು ಬರುತ್ತದೆ. ನಾಲ್ಕರ ನಂತರ ಬೆಳಕು ಎದುರಿನಿಂದಲೇ ಬಿದ್ದು ಕೆತ್ತನೆ ಚಪ್ಪಟೆಯಾಗುತ್ತದೆ. ಗೋಡೆ ನಕ್ಷತ್ರದಂತೆ ಮೂಲೆ ಮೂಲೆಯಾಗಿ ಮಡಚಿರುವುದರಿಂದ ಹತ್ತಡಿ ಆಚೆ ಬೆಳಕು ಬೇರೆಯೇ ಇರುತ್ತದೆ. ಮಕ್ಕಳನ್ನು ಕೂರಿಸುವ ಮೊದಲು ನೀವೊಮ್ಮೆ ನಡೆದು ನೋಡಿ.

ಇಲ್ಲಿ ಸಮಸ್ಯೆ ನೆರಳಿನ ಆಕಾರ. ಆಭರಣದ ಒಂದೊಂದು ಮಣಿಯನ್ನೂ ಗೆರೆಯಲ್ಲಿ ಬರೆಯುತ್ತಾ ಹೋದರೆ ಎರಡು ಗಂಟೆಯ ನಂತರ ಬಳಪದ ಕಲ್ಲಿನ ಭಾರ ಹಾಳೆಯಲ್ಲಿ ಎಲ್ಲೂ ಇರುವುದಿಲ್ಲ. ಹಾಳೆಯ ಬಿಳಿ, ಒಂದು ಬೂದು ಬ್ರಷ್ ಪೆನ್, ಒಂದು ಕಪ್ಪು ಬ್ರಷ್ ಪೆನ್, ಮೂರೇ ಟೋನ್. ಮೊದಲ ಹತ್ತು ನಿಮಿಷದಲ್ಲಿ ಎಲ್ಲ ನೆರಳಿನ ಗಡಿ ಗುರುತಿಸಿಬಿಡಬೇಕು, ಆಮೇಲೆ ಸೂರ್ಯ ಸರಿದರೂ ಬದಲಾಯಿಸುವಂತಿಲ್ಲ. ಬದಲಾಯಿಸಿದರೆ ಒಂದೇ ಆನೆಯ ಸೊಂಡಿಲಿಗೆ ಒಂದು ಗಂಟೆಯ ಬೆಳಕು, ಕಾಲಿಗೆ ಎರಡು ಗಂಟೆಯ ಬೆಳಕು. ನಲವತ್ತು ನಿಮಿಷಕ್ಕೆ ಹಾಳೆ ಮುಗಿಯಬೇಕು. ಇಂಕ್ ಬಾಟಲಿ, ಬಣ್ಣದ ನೀರು ಒಳಗೆ ಒಯ್ಯಬೇಡಿ. 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಕಲ್ಲು ಅದು, ಒಂದು ಹನಿ ಚೆಲ್ಲಿದರೂ ತಪ್ಪೇ. ಕಲ್ಲಿನ ಮೇಲೆ ಕಾಗದವಿಟ್ಟು ಉಜ್ಜುವುದೂ ಕೂಡದು. ಈಸೆಲ್ ಒಯ್ಯುವ ಯೋಚನೆಯಿದ್ದರೆ ಪುರಾತತ್ವ ಇಲಾಖೆಯಲ್ಲಿ ಮೊದಲೇ ಕೇಳಿಕೊಳ್ಳಿ. ಚಪ್ಪಲಿ ಹೊರಗೆ ಬಿಡಬೇಕು, ಮಧ್ಯಾಹ್ನ ಗುಡಿಯ ಸುತ್ತಲಿನ ಕಲ್ಲಿನ ಕಟ್ಟೆ (ಜಗತಿ) ಕಾದು ಬಿಸಿಯಾಗಿರುತ್ತದೆ, ಕೂರಲು ಚಾಪೆ ಇರಲಿ.

ತಿದ್ದುವಾಗ ವಿದ್ಯಾರ್ಥಿಯ ಹಾಳೆ ಮೇಲೆ ನೀವು ಗೆರೆ ಎಳೆಯಬೇಡಿ. ಟ್ರೇಸಿಂಗ್ ಪೇಪರ್ ಹಾಸಿ ಅದರ ಮೇಲೆ ತೋರಿಸಿ, ಆಮೇಲೆ ಎತ್ತಿಬಿಡಿ. ಹಾಳೆಗಳನ್ನು ಗೋಡೆಗೆ ಹಚ್ಚಿ ಹತ್ತಡಿ ದೂರದಿಂದ ಎಲ್ಲರೂ ಒಟ್ಟಿಗೆ ನೋಡುವಾಗ ‘ಚೆನ್ನಾಗಿದೆ’, ‘ಚೆನ್ನಾಗಿಲ್ಲ’ ಎಂಬ ಮಾತಿಗೆ ಅವಕಾಶ ಬೇಡ, ಆ ಪ್ರಾಜೆಕ್ಟ್‌ನ ಸಮಸ್ಯೆಯ ಬಗ್ಗೆ ಮಾತ್ರ ಮಾತು. 25 ಅಂಕಕ್ಕೆ 10 ತಯಾರಿ ಹಾಳೆಗಳಿಗೆ, 10 ಸಮಸ್ಯೆ ಬಿಡಿಸಿದ್ದಕ್ಕೆ, 5 ಅಚ್ಚುಕಟ್ಟಿಗೆ ಕೊಡಿ. ಅಚ್ಚುಕಟ್ಟಿಗೆ ಹೆಚ್ಚು ಅಂಕ ಇಟ್ಟರೆ ಮತ್ತೆ ಫೋಟೊಗೇ ಹೋಗುತ್ತಾರೆ.

ಫೋನ್ ಅನ್ನು ಪೂರ್ತಿ ನಿಷೇಧಿಸುವುದೂ ಬೇಡ. ಕೆಲಸ ಮುಗಿದ ಮೇಲೆ ಹಾಳೆಯದೊಂದು, ವಸ್ತುವಿನದೊಂದು ಫೋಟೊ ತೆಗೆದು ಎರಡನ್ನೂ ಕಪ್ಪು ಬಿಳುಪು ಮಾಡಿ ಪಕ್ಕಪಕ್ಕ ಇಟ್ಟರೆ ಟೋನ್ ಎಲ್ಲಿ ತಪ್ಪಿತೆಂದು ಕಾಣುತ್ತದೆ. ಎಚ್‌ಡಿಆರ್ ಆಫ್ ಮಾಡಿ ತೆಗೆಯಲು ಹೇಳಿ, ಇಲ್ಲದಿದ್ದರೆ ಫೋನ್ ತಾನೇ ನೆರಳನ್ನು ತಿಳಿ ಮಾಡಿಬಿಡುತ್ತದೆ, ಸರಿಯಾಗಿ ಬರೆದ ಹಾಳೆಯೂ ತಪ್ಪಿದಂತೆ ಕಾಣುತ್ತದೆ.